ಹಿಂದೆ ನಡೆಯುವ ಕಲ್ಲುಗಳು

ಯಮುನಕ್ಕನ ತಮ್ಮ ವಾಮನ ಕಲ್ಲಿಗೆ ಕಾಲು ಜೋಡಿಸಿದ ದಿನ ಊರಿಗೆ ಊರೇ ಕಡಲ ದಡದಲ್ಲಿ ನೆರೆದಿತ್ತು. ಊರು ಎಂದರೆ ಈಗ ಉಳಿದವರೆಷ್ಟು? ವರ್ಷ ವರ್ಷ ಮೇಲೇರಿ ಬರುವ ಸಮುದ್ರ ಮುಂದಿನ ಸಾಲಿನ ಮನೆಗಳನ್ನು ನುಂಗಿ, ಹೆಚ್ಚಿನವರು ಗುಡ್ಡದ ಮೇಲಿನ ಕಾಲನಿ ಸೇರಿಯಾಗಿತ್ತು. ನೀರಿಗೆ ಮುಖ ಕೊಟ್ಟು ನಿಂತದ್ದು ಯಮುನಕ್ಕನ ಹೆಂಚಿನ ಮನೆ. ಅದರ ಹಿಂದೆ, ತುಸು ತೆಂಕಕ್ಕೆ, ಕುಷ್ಟಣ್ಣನದು. ಕಾಲನಿಯಲ್ಲಿ ಸೈಟು ಕೊಡುತ್ತೇವೆಂದು ಬಂದ ಅಧಿಕಾರಿಗಳಿಗೆ ಆಕೆ, "ನನ್ನ ತಮ್ಮ ಎಂತದೋ ಮಾಡ್ತಾ ಇದ್ದಾನೆ, ಅದೊಂದು ಆಗ್ಲಿ" ಎಂದು ಎಳನೀರು ಕುಡಿಸಿ ಕಳಿಸಿದ್ದಳು. ಬುಟ್ಟಿ ಹೊತ್ತು ಮೀನು ಮಾರಿ ತಾನೇ ಕಟ್ಟಿಸಿದ ಮನೆ. ಬಿಟ್ಟು ಹೋಗುವ ಮಾತೇ ಇರಲಿಲ್ಲ.

ವಾಮನ ಬೋಟಿನ ಎಂಜಿನ್ ರಿಪೇರಿಯವನು. ಎಣ್ಣೆಗೈಯನ್ನು ಲುಂಗಿಗೆ ಒರೆಸಿಕೊಂಡು ಭಾಷಣ ಶುರು ಮಾಡಿದ. "ಪ್ರತಿ ಮಳೆಗಾಲಕ್ಕೆ ಲಾರಿಯಲ್ಲಿ ಕಲ್ಲು ತಂದು ಸುರೀತಾರೆ. ಮರಳು ಅದನ್ನು ನುಂಗ್ತದೆ. ಯಾಕೆ? ಕಲ್ಲಿಗೆ ಬುದ್ಧಿ ಇಲ್ಲ. ನಾನು ಬುದ್ಧಿ ಕೊಟ್ಟಿದ್ದೇನೆ!"

ಬುದ್ಧಿ ಬಂದದ್ದು ಕೈರಂಪಣಿಯಿಂದ. ಉದ್ದನೆಯ ಬಲೆಯನ್ನು ದೋಣಿಯಲ್ಲಿ ಒಯ್ದು ಸುತ್ತಲೂ ಬಿಟ್ಟು ಬಂದು, ಅದರ ಎರಡು ತುದಿಯ ಹಗ್ಗಗಳನ್ನು ಎರಡು ಗುಂಪುಗಳು ದಡದಲ್ಲಿ ನಿಂತು ಎಳೆದು, ಕೊನೆಗೆ ಮೀನನ್ನು ಪಾಲು ಮಾಡಿಕೊಳ್ಳುವ ಮೀನುಗಾರಿಕೆ ಅದು. ಅಷ್ಟು ಜನ ಒಟ್ಟಿಗೆ ಹೆಜ್ಜೆ ಹಾಕುವ ಒಗ್ಗಟ್ಟು ಬೇರೆಲ್ಲೂ ಸಿಗದೆಂದು ವಾಮನ ಒಂದು ಸೀಸನ್ ಪೂರ್ತಿ ಅದರ ವಿಡಿಯೋ ಹಿಡಿದು ಕಲ್ಲುಗಳ ಮಂಡೆಯ ಕಂಪ್ಯೂಟರಿಗೆ ತುಂಬಿಸಿದ್ದ. ಒಂದು ಅಲುಗಿದರೆ ಪಕ್ಕದ್ದು ಬಂದು ಆತುಕೊಳ್ಳಬೇಕು. ಯಾವುದೂ ತಪ್ಪಿಸಿಕೊಳ್ಳದಂತೆ ಎಲ್ಲವನ್ನೂ ಹಡಗಿನ ಹಗ್ಗದಲ್ಲಿ ಸಾಲಾಗಿ ಬಿಗಿದಿದ್ದ. ಅಲೆಯ ಹೊಡೆತದಿಂದಲೇ ಅವುಗಳ ಬ್ಯಾಟರಿ ತುಂಬುತ್ತಿತ್ತು.

ದೊಡ್ಡದೊಂದು ಅಲೆ ಬಂತು. ಕಲ್ಲುಗಳು ಒಂದನ್ನೊಂದು ಒತ್ತಿ ನಿಂತವು. ಜನ ಚಪ್ಪಾಳೆ ತಟ್ಟಿದರು, ಯಮುನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲೆ ಇಳಿದದ್ದೇ ತಡ, ಕಲ್ಲುಗಳೆಲ್ಲ ಗುಂಯ್ ಎಂದು ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಬಂದವು.

"ಇದೆಂತದು?"

"ಜಾಗ ಸರಿ ಮಾಡಿಕೊಳ್ತವೆ ಅಕ್ಕಾ. ಹೊಸತಲ್ಲವಾ?"

ಹೀಗೆ ಜಾಗ ಸರಿ ಮಾಡಿಕೊಳ್ಳುತ್ತ ಅವು ಮೀನು ಒಣಗಿಸುವ ಚಪ್ಪರವನ್ನು ಮುರಿದವು. ಮತ್ತೆರಡು ದಿನಕ್ಕೆ ಬಾವಿಕಟ್ಟೆ ಹೋಯಿತು. ಅವು ಬಿಟ್ಟ ಜಾಗಕ್ಕೆಲ್ಲ ಸಮುದ್ರ ಕರೆಯದ ನೆಂಟನ ಹಾಗೆ ಬಂದು ಕೂತಿತು.

"ಗೋಡೆ ಅಂದ್ರೆ ನಿಲ್ಲಬೇಕು ಮಾರಾಯ! ಇದು ನನಗಿಂತ ಮೊದಲು ಊರು ಬಿಡ್ತಾ ಉಂಟಲ್ಲ?" ಎಂದು ರೇಗಿದ ಯಮುನಕ್ಕ ಕಲ್ಲುಗಳನ್ನು ಮತ್ತೊಮ್ಮೆ ನೋಡಿದಳು. "ವಾಮನಾ, ಬಲೆ ಎಳೆಯುವವರು ಯಾವ ಕಡೆ ನಡೀತಾರೆ?"

ವಾಮನ ತಲೆ ಕೆರೆದುಕೊಂಡ. "ಹಿಂದಕ್ಕೆ."

"ಅದನ್ನೇ ಕಲಿಸಿದ್ದೀ. ಆಫ್ ಮಾಡು."

"ಸಮುದ್ರವೇ ಅದರ ಸ್ವಿಚ್ಚು ಅಕ್ಕಾ. ಅದನ್ನು ನಾನೆಲ್ಲಿ ಆಫ್ ಮಾಡ್ಲಿ?"

ಕೊನೆಗೆ ಜೆಸಿಬಿ ತರಿಸಿ ಕಲ್ಲುಗಳ ಮುಖವನ್ನು ಊರಿನ ಕಡೆ ತಿರುಗಿಸಿದ. ಇನ್ನು ಹಿಂದೆ ನಡೆದರೆ ಸಮುದ್ರಕ್ಕೇ ಹೋಗಬೇಕಲ್ಲ! ಜೆಸಿಬಿ ಮರೆಯಾಗುವುದರೊಳಗೆ ಅವು ಒಂದೊಂದಾಗಿ ಮೆಲ್ಲನೆ ತಿರುಗಿ ಮತ್ತೆ ನೀರಿಗೆ ಮುಖ ಮಾಡಿದವು. ಕಡಲಿಗೆ ಬೆನ್ನು ಹಾಕಿ ಬಲೆ ಎಳೆದವರನ್ನು ಅವು ವಿಡಿಯೋದಲ್ಲಿ ಎಲ್ಲೂ ಕಂಡಿರಲಿಲ್ಲ.

ಹುಣ್ಣಿಮೆಯ ಉಬ್ಬರದ ಬೆಳಿಗ್ಗೆ ಕಲ್ಲುಗಳ ಸಾಲು ಯಮುನಕ್ಕನ ಮನೆಯ ಜಗಲಿಗೆ ಬಂದು ತಾಗಿತು. ಅರ್ಧ ಕಲ್ಲುಗಳು ಎಡಕ್ಕೆ, ಅರ್ಧ ಬಲಕ್ಕೆ ಸರಿದು ಹಿಂದೆ ಹಿಂದೆ ಹೋದವು. ನಡುವಿನ ಹಗ್ಗ ಮನೆಯ ಮುಂಗೋಡೆಗೆ ಬಿಗಿಯಿತು. ಕಿಟಕಿಯಿಂದ ನೋಡುತ್ತಿದ್ದ ಯಮುನಕ್ಕನಿಗೆ ಅರ್ಥವಾಯಿತು. ಎರಡು ಗುಂಪು, ಒಂದು ಹಗ್ಗ, ನಡುವೆ ತನ್ನ ಮನೆ. ಬಲೆ ಬಿದ್ದಾಗಿತ್ತು.

"ಅಕ್ಕಾ, ಹೊರಗೆ ಬಾ!" ವಾಮನ ಕತ್ತಿ ಹಿಡಿದು ಹಗ್ಗ ಕಡಿಯುತ್ತಿದ್ದ. ಆನೆ ಎಳೆದರೂ ಹರಿಯದೆಂದು ಅವನೇ ಹುಡುಕಿ ತಂದ ಹಗ್ಗ. ಯಮುನಕ್ಕ ಅನ್ನದ ಪಾತ್ರೆಯೊಂದನ್ನು ಎತ್ತಿಕೊಂಡು ಹೊರಗೆ ಬಂದಳು. ಗೋಡೆಗಳು ಕುಸಿದವು. ಛಾವಣಿ ಹಾಗೇ ಕೆಳಗೆ ಕೂತು, ಮಂಚ, ಕಪಾಟು, ಮೀನಿನ ಬುಟ್ಟಿಗಳ ಸಮೇತ ಮರಳಲ್ಲಿ ಜಾರುತ್ತ ಕುಷ್ಟಣ್ಣನ ಅಂಗಳದವರೆಗೆ ಬಂದು ನಿಂತಿತು. ಮನೆಯಿದ್ದ ಜಾಗದಲ್ಲಿ ಆಗಲೇ ನೊರೆ ಆಡುತ್ತಿತ್ತು. ಯಮುನಕ್ಕ ನೆಲಕ್ಕೆ ಕೂತು ಬಾಯಿಬಿಟ್ಟು ಅತ್ತಳು. ವಾಮನನಿಗೆ ಹತ್ತಿರ ಹೋಗಲು ಧೈರ್ಯವಾಗಲಿಲ್ಲ.

ಕಲ್ಲುಗಳು ಮಾತ್ರ ರಾಶಿಯ ಸುತ್ತ ನೆರೆದು ಅಲ್ಲೇ ನಿಂತವು.

"ಇವು ಯಾಕೆ ಹೋಗುದಿಲ್ಲ?" ಎಂದ ಕುಷ್ಟಣ್ಣ.

ಯಮುನಕ್ಕ ಮೂಗು ಒರೆಸಿಕೊಂಡಳು. "ಎಳೆದವರು ಪಾಲು ಸಿಗದೆ ಹೋಗ್ತಾರಾ?"

ಎದ್ದು ಹೋಗಿ, ಒಡೆಯದೆ ಉಳಿದ ಹೆಂಚುಗಳನ್ನು ಆರಿಸಿ ಪ್ರತಿಯೊಂದು ಕಲ್ಲಿನ ಮುಂದೆ ಒಂದೊಂದು ಇಟ್ಟಳು. ಪಾಲು ಸಿಕ್ಕಿದವು ಒಂದರ ಹಿಂದೆ ಒಂದರಂತೆ ಕಡಲಿನ ಕಡೆ ನಡೆದವು.

"ಹೋದವು ಅಕ್ಕಾ! ಮುಂದಕ್ಕೆ ನಡೀತಾ ಉಂಟು!" ವಾಮನ ಕುಣಿದಾಡಿದ. ಕುಷ್ಟಣ್ಣನೂ ಉಸಿರು ಬಿಟ್ಟ.

ನೀರಿನ ಅಂಚು ಮುಟ್ಟಿದ ಕಲ್ಲುಗಳು ತುಸು ತೆಂಕಕ್ಕೆ ಸರಿದು, ಹಗ್ಗವನ್ನು ಮತ್ತೆ ಉದ್ದಕ್ಕೆ ಹರಡಿ, ಕುಷ್ಟಣ್ಣನ ಮನೆಯ ನೇರಕ್ಕೆ ಸಾಲಾಗಿ ನಿಂತವು.

"ಒಂದೇ ಎಳೆತಕ್ಕೆ ಯಾರಾದ್ರೂ ಕೆಲಸ ಮುಗಿಸ್ತಾರಾ?" ಎಂದಳು ಯಮುನಕ್ಕ. "ಕುಷ್ಟಣ್ಣ, ಮಂಚ ಪಾತ್ರೆ ಎಲ್ಲ ಈಗಲೇ ಹೊರಗೆ ಹಾಕಿ. ಹೆಂಚು ಮಾತ್ರ ಜಾಗ್ರತೆಯಲ್ಲಿ ಇಳಿಸಿ. ಪಾಲು ಕೊಡ್ಲಿಕ್ಕೆ ಬೇಕಾಗ್ತದೆ."