ಕಮಲಾಪುರದ ಮದುವೆಯಲ್ಲಿ ನಾನು ಓದಿದ ಅರ್ಧ ಅಧ್ಯಾಯ

ಚಂದದ ಮಾತೊಂದು ಸಿಕ್ಕರೆ ಅದರ ಹಿಂದುಮುಂದು ನೋಡುವ ಅಭ್ಯಾಸ ನನಗಿರಲಿಲ್ಲ. ಕಲಬುರಗಿಯ ಮಿಷನ್ ಶಾಲೆಯಲ್ಲಿ ನಾನು ಮಾಸ್ತರ. ಕಚೇರಿಗಳಲ್ಲಿ ಉರ್ದು ನಡೆಯುತ್ತಿದ್ದ ನಿಜಾಮರ ಕಾಲ ಅದು. ಕನ್ನಡವನ್ನು ಗಟ್ಟಿ ದನಿಯಲ್ಲಿ ಓದಬಲ್ಲೆ ಎಂಬ ಒಂದೇ ಅರ್ಹತೆಯ ಮೇಲೆ ನಮ್ಮ ಕ್ರೈಸ್ತರ ಮದುವೆಗಳಿಗೆಲ್ಲ ಆಶೀರ್ವಚನಕ್ಕೆ ನಾನೇ ಬೇಕಾಗುತ್ತಿದ್ದೆ.

ಕಮಲಾಪುರದ ಸಮುವೇಲಪ್ಪನ ಒಬ್ಬಳೇ ಮಗಳು ಮಾರ್ತಾಳ ಮದುವೆಗೂ ಕರೆ ಬಂತು. ವರ ಮಹಾಗಾಂವದ ದೇವದಾಸ. ಇದೇ ಮಾವನ ಬಾಳೆತೋಟದಲ್ಲಿ ವರ್ಷಗಟ್ಟಲೆ ದುಡಿದು, ಆಡು ಕಾಯ್ದು, ಕೊನೆಗೆ ಹುಡುಗಿಯನ್ನು ಪಡೆದವನು. ಮಗಳನ್ನು ಕಳಿಸಿಕೊಡುವ ಹೊತ್ತಿಗೆ ಮಾವ ಅಳಿಯನಿಗೆ ಹೇಳಲೆಂದು ನಾನು ಬೈಬಲಿನಿಂದ ಒಂದು ವಾಕ್ಯ ಆರಿಸಿದ್ದೆ. ನಾವು ಒಬ್ಬರಿಗೊಬ್ಬರು ಕಾಣದಿರುವಾಗ ದೇವರು ನಮ್ಮಿಬ್ಬರ ಮೇಲೂ ಕಣ್ಣಿಟ್ಟಿರಲಿ ಎಂಬ ಅರ್ಥದ್ದು. ಎಷ್ಟು ಹಿತವಾದ ಮಾತು!

ಎತ್ತಿನ ಗಾಡಿಯಲ್ಲಿ ಕೂತಾಗಲೇ ನನ್ನ ಹೆಂಡತಿ ಕೇಳಿದಳು, "ಪೂರ್ತಿ ಅಧ್ಯಾಯ ಓದೀರೇನ್ರೀ?"

"ಆಶೀರ್ವಾದಕ್ಕ ಅಧ್ಯಾಯ ಯಾಕ ಬೇಕು? ಒಂದು ವಾಕ್ಯ ಸಾಕು."

ಅವಳು ಬೈಬಲಿದ್ದ ಚೀಲವನ್ನು ನನ್ನತ್ತ ಸರಿಸಿದಳು. ಅದರ ಅರ್ಥ ನನಗೆ ಗೊತ್ತಾಗಬೇಕಿತ್ತು. ಆದರೆ ಕಮಲಾಪುರ ತಲುಪುವಷ್ಟರಲ್ಲಿ ನನ್ನ ಸೊಂಟ ಯಾವ ಅರ್ಥವನ್ನೂ ಗ್ರಹಿಸುವ ಸ್ಥಿತಿಯಲ್ಲಿರಲಿಲ್ಲ.

ಮದುವೆ ಸುಸೂತ್ರವಾಗಿ ಮುಗಿಯಿತು. ಮರುದಿನ ಬೆಳಿಗ್ಗೆ ಗಾಡಿ ಕಟ್ಟಿದರು. ಮಾರ್ತಾ ಕಣ್ಣೊರೆಸಿಕೊಳ್ಳುತ್ತ ಗಾಡಿ ಹತ್ತಿ ತನ್ನ ಟ್ರಂಕಿನ ಮೇಲೆ ಕೂತಳು. ಗಾಡಿಯ ಹಿಂದೆ ದೇವದಾಸನ ಪಾಲಿನ ಆಡುಗಳು, ಮಾವ ಉಡುಗೊರೆ ಕೊಟ್ಟ ಆಕಳು. ನಾನು ಹೇಳಿಕೊಟ್ಟ ವಾಕ್ಯವನ್ನು ಸಮುವೇಲಪ್ಪ ಅಳಿಯನ ಹೆಗಲ ಮೇಲೆ ಕೈಯಿಟ್ಟು ಹೇಳಿದ. ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು.

"ಭಾಳ ಚಲೋ ಮಾತು, ಮಾಸ್ತರ. ಇದು ಯಾರು ಯಾರಿಗೆ ಹೇಳಿದ್ದು? ಕಥಿ ಓದ್ರಲ್ಲಾ," ಎಂದಳು ದೇವದಾಸನ ತಾಯಿ ದೀನಮ್ಮ.

ನಾನು ಸಂತೋಷದಿಂದ ಬೈಬಲ್ ತೆರೆದು ಆ ಅಧ್ಯಾಯವನ್ನು ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದೆ. ಲಾಬಾನನೆಂಬ ಮಾವ, ಯಾಕೋಬನೆಂಬ ಅಳಿಯ. ಮಾವ ಅಳಿಯನಿಂದ ವರ್ಷಗಟ್ಟಲೆ ದುಡಿಸಿಕೊಂಡು, ಕೊಟ್ಟ ಮಾತಿಗೆ ಮತ್ತೆ ಮತ್ತೆ ತಪ್ಪಿದ. ನನ್ನ ದನಿ ಸ್ವಲ್ಪ ಇಳಿಯಿತು. ಅಳಿಯನ ಆಡುಗಳು ಬೆಳೆದವು, ಮಾವನವು ಬಡವಾದವು. ಎಲ್ಲರೂ ಗಾಡಿಯ ಹಿಂದಿನ ಆಡುಗಳನ್ನು ನೋಡಿದರು. ಅಳಿಯ ಹೇಳದೆ ಕೇಳದೆ ಹೊರಟ, ಮಾವ ಬೆನ್ನಟ್ಟಿದ. ಮಗಳು ಅಪ್ಪನ ಮನೆಯ ವಿಗ್ರಹಗಳನ್ನು ಕದ್ದು ಒಂಟೆಯ ತಡಿಯಲ್ಲಿ ಬಚ್ಚಿಟ್ಟು ಅದರ ಮೇಲೇ ಕೂತಿದ್ದಳು.

ಈಗ ಎಲ್ಲರೂ ಮಾರ್ತಾಳ ಟ್ರಂಕನ್ನು ನೋಡಿದರು.

ಆ ಹಿತವಾದ ವಾಕ್ಯ ಬಂದದ್ದು ಇಷ್ಟೆಲ್ಲ ಆದ ಮೇಲೆ. ಒಬ್ಬರನ್ನೊಬ್ಬರು ನಂಬದ ಇಬ್ಬರು ಕಲ್ಲು ರಾಶಿ ಹಾಕಿ, ನಾನಿಲ್ಲದಾಗ ನೀನೇನು ಮಾಡುತ್ತೀಯೋ ದೇವರು ನೋಡಿಕೊಳ್ಳಲಿ ಎಂದು ಕೊಟ್ಟ ಎಚ್ಚರಿಕೆ ಅದು. ನಾನು ಗಾಬರಿಯಿಂದ ಪುಸ್ತಕ ಮುಚ್ಚಿದೆ.

ದೇವದಾಸ ಮಾವನತ್ತ ತಿರುಗಿದ. "ನನ್ನ ಕಳ್ಳ ಅಂತ ಮಾಸ್ತರ ಬಾಯಿಲೆ ಅನಸಿದ್ರೇನು? ಹಾಲಿನ ಆಕಳ ಕೊಡ್ತೀನಂದು ಗೊಡ್ಡ ಆಕಳ ಕಟ್ಟಿದವರು ನೀವು."

"ನೀನೇ ನಿಮ್ಮವ್ವನ ಕಡಿಂದ ಈ ಕಥಿ ತೆಗಸಿದಿ," ಎಂದ ಸಮುವೇಲಪ್ಪ. "ಮಾತು ತಪ್ಪಿದ ಮಾವ ಅಂದ್ರ ನಾನೇ ಏನು? ಎತ್ತ ಬಿಚ್ಚ್ರಿ. ನನ್ನ ಮಗಳು ಹೋಗೂದಿಲ್ಲ."

ಎತ್ತು ಬಿಚ್ಚಿದರು. ಮಾರ್ತಾ ಟ್ರಂಕಿನಿಂದ ಇಳಿಯಲಿಲ್ಲ. ಅಪ್ಪನನ್ನೂ ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆ ನೋಟ ತಾಳಲಾರದೆ ಇನ್ನೊಂದು ವಾಕ್ಯದಿಂದ ಬೆಂಕಿ ಆರಿಸಲು ಮುಂದಾದೆ. ನೀನು ಹೋದಲ್ಲೆಲ್ಲ ನಾನೂ ಬರುವೆ, ನಿನ್ನನ್ನು ಬಿಡಲಾರೆ ಎಂದು ಹೆಣ್ಣೊಬ್ಬಳು ಹೇಳಿದ್ದಾಳೆ ಎಂದೆ.

"ಗಂಡಗೆ ಹೇಳಿದ್ಲೇನ್ರಿ?" ಎಂದಳು ದೀನಮ್ಮ.

ಸುಳ್ಳು ಹೇಳಲು ಆಗಲಿಲ್ಲ. "ಅಲ್ಲರಿ, ಗಂಡನ ಅವ್ವಗ."

"ಹಂಗಾರ ನಾ ಮಗಳ ಮನಿಗೆ ಹೋದ್ರೂ ಬೆನ್ನ ಹತ್ತಿ ಬರತಾಳೇನು ಈಕಿ?"

ನಾನು ಮೂಲೆಯ ಬಾಳೆಗೊನೆಗಳ ಪಕ್ಕದಲ್ಲಿ ಕೂತುಬಿಟ್ಟೆ. ಜಗತ್ತು ಸಾಕೆನಿಸಿತ್ತು. ಆಗ ನನ್ನ ಹೆಂಡತಿ ಬಂದು ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟಳು.

"ಮುಂದ ಓದ್ರಿ."

"ಇನ್ನೇನು ಉಳದದ, ಮಾರಾಯ್ತಿ?"

"ಅಧ್ಯಾಯ ಮುಗದಿಲ್ಲ."

ಓದಿದೆ. ಕಲ್ಲು ರಾಶಿಯ ಬಳಿ ಇಬ್ಬರೂ ಕೂಡಿ ಊಟ ಮಾಡಿದರು. ಬೆಳಗಾದ ಮೇಲೆ ಲಾಬಾನ ಹೆಣ್ಣುಮಕ್ಕಳಿಗೂ ಮೊಮ್ಮಕ್ಕಳಿಗೂ ಮುತ್ತಿಟ್ಟು, ಹರಸಿ, ತನ್ನ ದಾರಿ ಹಿಡಿದ.

ಸಮುವೇಲಪ್ಪ ಗಾಡಿಯ ಹತ್ತಿರ ಹೋಗಿ ಮಗಳ ತಲೆಯ ಮೇಲೆ ಕೈಯಿಟ್ಟ. "ಒಬ್ಬಾಕೇ ಇದ್ದಿ. ನಿನ್ನ ಕಳಸಾಕ ಮನಸ್ಸಿರಲಿಲ್ಲ, ಆ ಸಿಟ್ಟಿಗೆ ಗೊಡ್ಡ ಆಕಳ ಕಟ್ಟಿದೆ," ಎಂದ. ದೇವದಾಸ ಮಾವನ ಕಾಲು ಮುಟ್ಟಿದ. ಎಲ್ಲರೂ ಮತ್ತೊಮ್ಮೆ ಕೂತು ರೊಟ್ಟಿ ತಿಂದರು. ಗಾಡಿ ಹೊರಟಾಗ ಹಿಂದೆ ಕರುವಿನ ಸಮೇತ ಹಾಲಿನ ಆಕಳಿತ್ತು.

ಕೆಲವು ತಿಂಗಳ ಮೇಲೆ ಕಮಲಾಪುರದಿಂದಲೇ ಇನ್ನೊಂದು ಮದುವೆಯ ಕರೆ ಬಂತು. ಹೇಳಲು ಬಂದ ಹಿರಿಯರು ಬಹಳ ಮರ್ಯಾದೆಯಿಂದ ನುಡಿದರು, "ಅಮ್ಮಾರು ವಾಕ್ಯ ಓದ್ಲಿ. ಮಾಸ್ತರ ಬಡಸಾಕ ನಿಂದ್ರಲಿ."

ಹೋದೆ. ಸಾರಿನ ಬಕೆಟ್ಟು ಹಿಡಿದು ಪಂಕ್ತಿಯುದ್ದಕ್ಕೂ ಬಗ್ಗಿ ನಡೆದೆ. ಮೊದಲ ಎಲೆಯ ಮುಂದೆ ಕೂತ ಮುದುಕರೊಬ್ಬರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಮಾಸ್ತರ, ಮ್ಯಾಲಿನ ತಿಳಿ ಅಷ್ಟೇ ಹಾಕಬ್ಯಾಡ್ರಿ. ತಳದ ತನಕ ಸೌಟು ಬಿಡ್ರಿ."