ಲಾವ್ ಗೆಂಗ್ ಕೂರಿಸಿದ ರೇಡಿಯೇಟರು

ಈ ಚಳಿಗಾಲದಲ್ಲಿ ತಾಂಗ್‌ಶಾನ್ ಊರಿನ ಯಾರ ಮನೆ ಬೇಕಾದರೂ ತಣ್ಣಗಿರಲಿ, ತನ್ನ ಮನೆಯಲ್ಲಿ ಮಾತ್ರ ಜನ ಬನಿಯನ್ನಿನಲ್ಲಿ ಓಡಾಡಬೇಕು ಎಂದು ಲಾವ್ ಗೆಂಗ್ ಸೆಪ್ಟೆಂಬರಿನಲ್ಲೇ ಪ್ರತಿಜ್ಞೆ ಮಾಡಿದ. ಪ್ರತಿಜ್ಞೆಗೆ ಸಾಕ್ಷಿ ಹೆಂಡತಿ ಯುನ್‌ಶಿಯಾ ಒಬ್ಬಳೇ. ಅವಳು ಕಡುಬಿನ ಅಂಚು ಒತ್ತುತ್ತ "ಹ್ಞೂಂ" ಎಂದಳು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಇಂಥ ಪ್ರತಿಜ್ಞೆಗಳಿಗೆ ಅವಳು ಕಂಡುಕೊಂಡಿದ್ದ ಉತ್ತರ ಅದೊಂದೇ.

ಒಳಗೆ ಬಿಸಿನೀರು ಹರಿದು ಮನೆ ಕಾಯಿಸುವ, ಗೋಡೆಗಂಟಿದ್ದ ಹಳೇ ಕಬ್ಬಿಣದ ರೇಡಿಯೇಟರುಗಳನ್ನು ಕಿತ್ತು, ಹಾಲಿನಷ್ಟು ಬಿಳುಪಾದ ಐದು ಹೊಸ ರೇಡಿಯೇಟರು ತರಿಸಿದ. ಅಂಗಡಿಯವನು ಮೇಸ್ತ್ರಿಯನ್ನು ಕಳಿಸುತ್ತೇನೆಂದರೆ ಲಾವ್ ಗೆಂಗನಿಗೆ ಅವಮಾನವಾಯಿತು. ಯಂತ್ರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವನಿಗೆ ಮೇಸ್ತ್ರಿಯೇ! ದುಡಿದದ್ದು ಕಾರ್ಖಾನೆಯ ಉಗ್ರಾಣದಲ್ಲಿ ಎಂಬುದು ಬೇರೆ ಮಾತು. ಅಲ್ಲಿದ್ದ ಒಂದೊಂದು ನಟ್ಟು, ಬೋಲ್ಟು, ವಾಷರಿನ ಹೆಸರೂ ಅವನಿಗೆ ಬಾಯಿಪಾಠ. ಆದರೆ ಒಂದನ್ನಾದರೂ ಎಲ್ಲಿಗಾದರೂ ತಿರುಗಿಸಿ ಕೂರಿಸಿದ ದಾಖಲೆ ಮಾತ್ರ ಇರಲಿಲ್ಲ. ಕಂಪನಿ ಮನೆಮನೆಗೆ ಬಿಸಿನೀರು ಬಿಡುವುದು ಚಳಿಗಾಲದಲ್ಲಿ ಮಾತ್ರವಾದ್ದರಿಂದ ಬೇಸಗೆಯಿಂದ ಪೈಪು ಖಾಲಿಯಿತ್ತು. ನಾಲ್ಕೇ ದಿನದಲ್ಲಿ ಐದನ್ನೂ ತಾನೇ ಕೂರಿಸಿ, ಕೈ ಕೊಡವಿ ನಿಂತ.

ಇಷ್ಟೆಲ್ಲ ಉತ್ಸಾಹಕ್ಕೆ ಕಾರಣ ಮಗಳು ಶಾವ್‌ಮಾನ್. ಅಕ್ಟೋಬರಿನಲ್ಲಿ ಅವಳಿಗೆ ಹೆಣ್ಣು ಮಗುವಾಯಿತು. ತಿಂಗಳು ತುಂಬಿದ ಮೇಲೆ ಬಾಣಂತಿ ಕೂಸನ್ನೆತ್ತಿಕೊಂಡು ತವರಿಗೆ ಬಂದು ಕೆಲವು ದಿನ ಇದ್ದು 'ಗೂಡು ಬದಲಿಸಬೇಕು' ಎಂಬುದು ಅಲ್ಲಿಯ ಪದ್ಧತಿ. ನವೆಂಬರ್ ಇಪ್ಪತ್ತೆರಡು ಎಂದು ದಿನವೂ ಗೊತ್ತಾಯಿತು. ಬೀಗಿತ್ತಿ ಮಾತ್ರ ಫೋನಿನಲ್ಲಿ ಒಂದು ಕೊಕ್ಕೆ ಹಾಕಿದಳು: ಮನೆಯೊಳಗೆ ಇಪ್ಪತ್ತು ಡಿಗ್ರಿ ಇಲ್ಲದಿದ್ದರೆ ಕೂಸು ಹೊಸಿಲು ದಾಟುವುದಿಲ್ಲ. ಇಪ್ಪತ್ತೇನು ಮಹಾ, ಮಗುವಿಗೆ ತೆಳು ಅಂಗಿ ಹಾಕಿ ಕಳಿಸಿ ಎಂದುಬಿಟ್ಟ ಲಾವ್ ಗೆಂಗ್. ಮೊಮ್ಮಗಳನ್ನು ಅವನು ಆಸ್ಪತ್ರೆಯ ಗಾಜಿನಾಚೆಯಿಂದ ನೋಡಿದ್ದಷ್ಟೇ. ಇನ್ನೂ ಎತ್ತಿಕೊಂಡಿರಲಿಲ್ಲ.

ನವೆಂಬರ್ ಮೊದಲ ವಾರ ಕಟ್ಟಡದ ಬಾಗಿಲಿಗೆ ಚೀಟಿ ಅಂಟಿತು. ಪೈಪಿಗೆ ನೀರು ತುಂಬಿಸಿ ಪರೀಕ್ಷೆ ಮಾಡುವ ದಿನ ಎಲ್ಲರೂ ಮನೆಯಲ್ಲಿರಬೇಕು, ಎಲ್ಲಾದರೂ ಸೋರಿದರೆ ತಿಳಿಸಬೇಕು. ಲಾವ್ ಗೆಂಗ್ ಐದು ರೇಡಿಯೇಟರಿನ ಕೆಳಗೂ ಬೇಸಿನ್ ಇಟ್ಟುಕೊಂಡು ಬೆಳಗಿನಿಂದ ಕಾದ. ಒಂದು ಹನಿ ಸೋರಲಿಲ್ಲ. ಗಾಳಿ ಬಿಡುವ ತಿರುಪನ್ನು ಸಡಿಲಿಸಿ ನೋಡಿದ, ಚಿರ್ರೆಂದು ನೀರು ಚಿಮ್ಮಿತು. ನೀರು ಬಂತೆಂದರೆ ಬಿಸಿನೀರಿನ ಹರಿವಿಗೆ ಅಡ್ಡ ಬರುವ ಗಾಳಿ ಒಳಗಿಲ್ಲ. ಇದು ಆ ಊರಿನಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಅವನು ತಿರುಪು ಬಿಗಿ ಮಾಡಿ, ಮೀಸೆ ಇಲ್ಲದ ಜಾಗವನ್ನೇ ಒಮ್ಮೆ ತೀಡಿಕೊಂಡ.

ಕಂಪನಿ ಬಿಸಿನೀರು ಬಿಡುವ ಹದಿನೈದನೇ ತಾರೀಖು ಬಂತು. ಊರಿಗೆ ಊರೇ ಎದ್ದು ಮೊದಲು ರೇಡಿಯೇಟರು ಮುಟ್ಟಿ ನೋಡುವ ದಿನ. ಲಾವ್ ಗೆಂಗನೂ ಮುಟ್ಟಿದ. ಹೆಣದ ಹಾಗೆ ತಣ್ಣಗಿತ್ತು. ಸಂಜೆ ಮುಟ್ಟಿದ, ಹಾಗೇ ಇತ್ತು. ಮಾರನೆಯ ದಿನ ಐದನ್ನೂ ಒಂದೊಂದಾಗಿ ಮುಟ್ಟಿ, ಐದನ್ನೂ ಒಂದೊಂದಾಗಿ ಬೈದ. ಮನೆಯೊಳಗೆ ಹನ್ನೆರಡು ಡಿಗ್ರಿ. ಆ ಮನೆಯಲ್ಲಿ ಕಾದದ್ದು ಯಾವುದಾದರೂ ಇದ್ದರೆ ಅದು ಯಜಮಾನನ ತಲೆಯೊಂದೇ.

ತಿರುಪು ಬಿಚ್ಚಿದ. ಮತ್ತೆ ನೀರೇ ಬಂತು, ಐಸಿನಂಥ ನೀರು. ಹಾಗಾದರೆ ದೋಷ ತನ್ನ ಮನೆಯದಲ್ಲ ಎಂದು ತೀರ್ಮಾನಿಸಿ, ಸ್ಪ್ಯಾನರ್ ಹಿಡಿದು ಒಂದು ಮಹಡಿ ಕೆಳಗಿಳಿದ.

ಐದನೇ ಮಹಡಿಯಲ್ಲಿದ್ದವರು ಡೂ ಟೀಚರ್, ಪ್ರೈಮರಿ ಶಾಲೆಯಿಂದ ನಿವೃತ್ತರಾದ ಒಂಟಿ ಹೆಂಗಸು. ಅವರೂ ಹತ್ತಿ ಕೋಟು ಹಾಕಿಕೊಂಡು ನಡುಗುತ್ತಿದ್ದರು. ಅದೇ ಪೈಪಿನ ಸಾಲಿನಲ್ಲಿ ಅವರ ಕೆಳಗಿದ್ದ ನಾಲ್ಕು ಮನೆಯದೂ ಅದೇ ಗತಿ. ಲಾವ್ ಗೆಂಗ್ ನೇರ ಒಳನುಗ್ಗಿ ತನಿಖೆ ಶುರುಮಾಡಿದ. ರೇಡಿಯೇಟರಿಗೆ ಅಡ್ಡವಿದ್ದ ಪುಸ್ತಕದ ಬೀರುವನ್ನು ಅವರ ಕೈಯಲ್ಲೇ ಸರಿಸಿಸಿದ. ಗಾಳಿ ಬಿಡಿ ಎಂದ. ಅವರು ಬಿಟ್ಟರು, ನೀರು ಬಂತು. ನಿಮಗೆ ಬಿಡಲು ಬರುವುದಿಲ್ಲ ಎಂದ. ಪೈಪಿನ ಬಿಸಿನೀರನ್ನು ಕದ್ದು ನೆಲ ಒರೆಸುತ್ತೀರಿ, ಅದಕ್ಕೇ ಇಡೀ ಸಾಲಿಗೆ ಶಾಖವಿಲ್ಲ ಎಂದೂ ಅಂದುಬಿಟ್ಟ. ಬಿಸಿನೀರು ಬಂದಿದ್ದರೆ ತಾನೇ ಕದಿಯುವುದು? ಅಷ್ಟು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಡೂ ಟೀಚರ್ ದನಿ ಏರಿಸಲಿಲ್ಲ. "ಲಾವ್ ಗೆಂಗ್, ಮೇಸ್ತ್ರಿ ಬಂದು ನೋಡಲಿ. ಅಲ್ಲೀವರೆಗೆ ಒಂದು ಲೋಟ ಬಿಸಿನೀರು ಕುಡೀತೀರಾ?" ಎಂದರು.

ಅದು ಅವನನ್ನು ಇನ್ನಷ್ಟು ಕೆರಳಿಸಿತು. ಎದುರಾಡದವರ ಜೊತೆ ಜಗಳ ಮಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಮನೆಗೆ ಬಂದು ದೊಡ್ಡ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಪ್ರಕಟಣೆ ಬರೆದ. ಒಬ್ಬರ ಸ್ವಾರ್ಥದಿಂದ ಆರು ಸಂಸಾರ ಚಳಿಯಲ್ಲಿ ಸಾಯುತ್ತಿವೆ, ಹಾಲುಗೂಸೊಂದು ತವರಿಗೆ ಬರಲಾರದೆ ಕುಳಿತಿದೆ, ಅವರಿಗೆ ಮನಸ್ಸಾಕ್ಷಿ ಇದ್ದರೆ ನಾಚಲಿ ಎಂದು. ಮರ್ಯಾದಸ್ಥನಾದ್ದರಿಂದ ಹೆಸರು ಬರೆಯಲಿಲ್ಲ, ಬರೀ ಮನೆ ನಂಬರು ಬರೆದ. ಅದನ್ನು ಕಟ್ಟಡದ ಬಾಗಿಲಿಗೆ ಅಂಟಿಸಿದ.

ಆಮೇಲೆ ಬಿಸಿನೀರು ಬಿಡುವ ಕಂಪನಿಗೆ ಫೋನ್ ಮಾಡತೊಡಗಿದ. ದಿನಕ್ಕೆ ಏಳೆಂಟು ಸಲ. ಮೊದಲು ದೂರು, ಆಮೇಲೆ ಬೆದರಿಕೆ, ಕೊನೆಗೆ ಭಾಷಣ. ಆ ಕಡೆಯ ಹುಡುಗಿ ಪ್ರತಿ ಸಲವೂ ತಾಳ್ಮೆಯಿಂದ, ನಿಮ್ಮ ಸರದಿ ಇಪ್ಪತ್ತನೇ ತಾರೀಖು ಎನ್ನುತ್ತಿದ್ದಳು. ನಡುವೆ ಬೀಗಿತ್ತಿಯ ಸಂದೇಶ ಬಂತು: ಮನೆ ಎಷ್ಟು ಡಿಗ್ರಿ ಇದೆ, ಫೋಟೋ ಕಳಿಸಿ. ಲಾವ್ ಗೆಂಗ್ ಅಡುಗೆಮನೆಗೆ ಹೋಗಿ, ಮಂತೌ ಎಂಬ ಹಿಟ್ಟಿನ ಬನ್ನು ಬೇಯುತ್ತಿದ್ದ ಹಬೆಯ ಪಾತ್ರೆಯ ಪಕ್ಕ ಥರ್ಮಾಮೀಟರ್ ಇಟ್ಟು, ಇಪ್ಪತ್ನಾಲ್ಕಕ್ಕೆ ಏರಿದೊಡನೆ ಫೋಟೋ ಹೊಡೆದು ಕಳಿಸಿದ.

ಯುನ್‌ಶಿಯಾ ಸೌಟು ಕೆಳಗಿಟ್ಟಳು. "ಮಗು ಬಂದ್ಮೇಲೆ ಎಲ್ಲಿ ಮಲಗಿಸ್ತೀಯ? ಆ ಫೋಟೋದಲ್ಲಾ?"

"ಅಷ್ಟರಲ್ಲಿ ಸರಿಹೋಗುತ್ತೆ."

"ಸರಿ ಹೋಗದೆ ಇದ್ರೆ?"

"ಹೋಗದೆ ಇದ್ರೆ ಅದು ಆ ಡೂ ಟೀಚರ್ ಪಾಪ," ಎಂದು ಬಾಗಿಲು ಬಡಿದು ಹೊರಟ. ಹೊರಗೆ ಇನ್ನೂ ಹೆಚ್ಚು ಚಳಿ ಇದ್ದದ್ದರಿಂದ ಮೂರು ನಿಮಿಷದಲ್ಲಿ ವಾಪಸು ಬಂದ.

ಇಪ್ಪತ್ತನೇ ತಾರೀಖು ಬೆಳಿಗ್ಗೆ ಕಂಪನಿಯಿಂದ ಬಾಯ್ ಎಂಬ ಮೇಸ್ತ್ರಿ ಬಂದ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ತಳದ ಒಂದನೇ ಮಹಡಿಯಿಂದ ಪೈಪು ಮುಟ್ಟುತ್ತ ಮೇಲೇರಿದ. ಅವನ ಹಿಂದೆ ಲಾವ್ ಗೆಂಗ್, ಲಾವ್ ಗೆಂಗನ ಹಿಂದೆ ಅವನೇ ಎಬ್ಬಿಸಿ ಕರೆತಂದ ಐದೂ ಮನೆಯ ಜನ. ತಪ್ಪಿತಸ್ಥರು ಎಲ್ಲರೆದುರೇ ಸಿಕ್ಕಿಬೀಳಲಿ ಎಂಬುದು ಅವನ ಆಸೆ. ಐದನೇ ಮಹಡಿಯಲ್ಲಿ ಮೇಸ್ತ್ರಿ ಎರಡು ನಿಮಿಷವೂ ನಿಲ್ಲಲಿಲ್ಲ. ಇಲ್ಲೇ ಸರಿಯಾಗಿ ನೋಡಿ ಎಂದು ಲಾವ್ ಗೆಂಗ್ ಕೂಗಿದ. ಮೇಸ್ತ್ರಿ ಕೇಳಿಸದವನಂತೆ ಮೆಟ್ಟಿಲು ಹತ್ತಿದ.

ಆರನೇ ಮಹಡಿಯ ಬಿಳೀ ರೇಡಿಯೇಟರಿನ ಮುಂದೆ ನಿಂತು ತಲೆ ಓರೆ ಮಾಡಿ ನೋಡಿದ. ಮಂಡಿಯೂರಿ ನೋಡಿದ. ಕೊನೆಗೆ ನೆಲದ ಮೇಲೆ ಅಂಗಾತ ಮಲಗಿ ನೋಡಿದ.

"ಇದನ್ನ ಕೂರಿಸಿದ್ದು ಯಾರು?"

"ನಾನೇ," ಎಂದ ಲಾವ್ ಗೆಂಗ್ ಎದೆಯುಬ್ಬಿಸಿ. "ಒಂದು ಹನಿ ಸೋರಲ್ಲ, ಬೇಕಾದರೆ ನೋಡ್ಕೊ."

ಮೇಸ್ತ್ರಿ ಎದ್ದು ಬಟ್ಟೆ ಕೊಡವಿಕೊಂಡ. "ದೊಡ್ಡಪ್ಪ, ಗಾಳಿ ಬಿಡೋ ತಿರುಪು ಮೇಲ್ಗಡೆ ಬರಬೇಕು. ನೀವು ಐದನ್ನೂ ತಲೆಕೆಳಗು ಮಾಡಿ ಕೂರಿಸಿದೀರಿ. ಕೆಳಗೆ ಬಿಚ್ಚಿದ್ರೆ ನೀರೇ ಬರುತ್ತೆ, ಗಾಳಿಯೆಲ್ಲ ಮೇಲೆ ಕೂತಿರುತ್ತೆ. ಬಿಸಿನೀರು ಮೊದಲು ನಿಮ್ಮ ಮನೆಗೆ ಬಂದು ಆಮೇಲೆ ಕೆಳಕ್ಕಿಳಿಯಬೇಕು. ಇಲ್ಲೇ ಗಾಳಿ ಕಟ್ಟಿಕೊಂಡು ಆರೂ ಮನೆಗೆ ಶಾಖ ಹೋಗ್ತಿಲ್ಲ."

ಯುನ್‌ಶಿಯಾ ಬಾಲ್ಕನಿಗೆ ಹೋಗಿ, ಚಳಿಗಾಲಕ್ಕೆಂದು ಎಲೆಕೋಸು ಪೇರಿಸಿಟ್ಟಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಎಳೆದು ತಂದಳು. ರೇಡಿಯೇಟರು ಬಂದದ್ದು ಅದರಲ್ಲೇ. ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಕುರುಡನೂ ತಿಳಿಯುವ ಹಾಗೆ ಪಕ್ಕದಲ್ಲಿ ಚಿತ್ರವಿತ್ತು. ಅದನ್ನು ಗಂಡನ ಕಾಲ ಬಳಿ ಇಟ್ಟು ಒಳಗೆ ಹೋದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಐದು ದಿನದಿಂದ ಬರೆ ತಿಂದಿದ್ದ ಡೂ ಟೀಚರ್ ಬಾಗಿಲ ಬಳಿ ಸುಮ್ಮನೆ ನಿಂತಿದ್ದರು. ಅವರು ಒಂದು ಮಾತು ಬೈದಿದ್ದರೆ ತಾನೂ ಎರಡು ಬೈದು ಹಗುರಾಗಬಹುದಿತ್ತು. ಆ ಹೆಂಗಸು ಅದಕ್ಕೂ ಅವಕಾಶ ಕೊಡಲಿಲ್ಲವಲ್ಲ ಎಂದು ಲಾವ್ ಗೆಂಗ್ ಹಲ್ಲು ಕಡಿದ.

ರೇಡಿಯೇಟರು ತಿರುವಿ ಹಾಕಬೇಕಾದರೆ ಇಡೀ ಸಾಲಿನ ನೀರು ಖಾಲಿ ಮಾಡಬೇಕು, ಅದಕ್ಕೆ ಇನ್ನು ಎಂಟು ದಿನ ಕಾಯಬೇಕು ಎಂದ ಮೇಸ್ತ್ರಿ. ಸದ್ಯಕ್ಕೆ ಆರನೇ ಮಹಡಿಯನ್ನು ಬಿಟ್ಟು ನೀರನ್ನು ನೇರ ಕೆಳಕ್ಕಿಳಿಸುವ ಹಾಗೆ ಪೈಪು ಜೋಡಿಸಿ ಹೊರಟುಹೋದ. ಮಧ್ಯಾಹ್ನದ ಹೊತ್ತಿಗೆ ಐದು ಮನೆಯೂ ಬೆಚ್ಚಗಾದವು. ಇಡೀ ಕಟ್ಟಡದಲ್ಲಿ ತಣ್ಣಗಿದ್ದದ್ದು ಪ್ರತಿಜ್ಞೆ ಮಾಡಿದವನ ಮನೆಯೊಂದೇ.

ಬೀಗಿತ್ತಿಗೆ ಫೋನ್ ಮಾಡಿ ನಿಜ ಹೇಳಲು ಅವನು ಎರಡು ದಿನ ಫೋನು ಎತ್ತಿ ಎತ್ತಿ ಇಟ್ಟ. ಗೂಡು ಬದಲಿಸುವ ದಿನ ತಪ್ಪಿದರೆ ಮಗಳು ಈ ವರ್ಷ ಬರುವಂತಿಲ್ಲ. ಬಂದರೆ ಕೂಸಿಗೆ ನೆಗಡಿ. ಇಪ್ಪತ್ತೆರಡರ ಬೆಳಿಗ್ಗೆ ಕೆಳಗೆ ಕಾರು ನಿಂತ ಸದ್ದಾದಾಗಲೂ ಅವನು ಹತ್ತಿ ಕೋಟಿನೊಳಗೆ ಕುಳಿತು ರೇಡಿಯೇಟರು ತಯಾರಿಸಿದವನನ್ನು, ಚಿತ್ರ ಬರೆದವನನ್ನು, ಚಿತ್ರದ ಮೇಲೆ ಎಲೆಕೋಸು ಪೇರಿಸಿದವಳನ್ನು ಬೈಯುತ್ತಲೇ ಇದ್ದ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು. ನಾಲ್ಕು ಮಹಡಿ ಹತ್ತಿತು, ಐದು ಹತ್ತಿತು, ಅಲ್ಲೇ ನಿಂತಿತು. ಬಾಗಿಲು ತೆರೆಯಿತು, ಮುಚ್ಚಿತು. ಸ್ವಲ್ಪ ಹೊತ್ತಿಗೆ, ಆಗಲೇ ಕೆಳಗಿಳಿದಿದ್ದ ಯುನ್‌ಶಿಯಾ ಮೇಲೆ ಬಂದು ಕೂಸಿನ ಹಾಸಿಗೆ ಸುತ್ತಿಕೊಳ್ಳುತ್ತ, ಇನ್ನು ಆರು ದಿನ ಮಗಳು, ಮೊಮ್ಮಗಳು, ತಾನು ಮೂವರೂ ಕೆಳಗೇ ಇರುವುದೆಂದು ತಿಳಿಸಿದಳು. ಡೂ ಟೀಚರ್ ತಮ್ಮ ಮಲಗುವ ಕೋಣೆಯನ್ನೇ ಬಿಟ್ಟುಕೊಟ್ಟಿದ್ದರು. ಅವನನ್ನು ಯಾರೂ ಕರೆದಿರಲಿಲ್ಲ, ಬರಬೇಡ ಎಂದೂ ಹೇಳಿರಲಿಲ್ಲ.

ಲಾವ್ ಗೆಂಗ್ ಒಬ್ಬನೇ ಕುಳಿತ. ನೆಲದಡಿಯಿಂದ ಕೂಸಿನ ಅಳು ಕೇಳಿಸಿತು. ಮೊದಲು ಸಿಟ್ಟು ಬಂತು. ತನ್ನ ಮೊಮ್ಮಗಳು, ಪರರ ಮನೆ! ಆಮೇಲೆ ಸಿಟ್ಟು ಮಾಡಲು ಯಾರೂ ಉಳಿದಿರಲಿಲ್ಲ. ಮಧ್ಯಾಹ್ನ ಊಟವಿಲ್ಲದೆ ಕಳೆದು, ಮೂರು ಗಂಟೆಗೆ ಕ್ಷಮೆಯ ಮಾತನ್ನು ಮನಸ್ಸಿನಲ್ಲೇ ನಾಲ್ಕು ಸಲ ಉರು ಹೊಡೆದು, ಐದನೇ ಮಹಡಿಗಿಳಿದು ಬಾಗಿಲು ತಟ್ಟಿದ.

ಡೂ ಟೀಚರ್ ಬಾಗಿಲು ತೆರೆದರು.

"ಡೂ ಟೀಚರ್, ನಾನು ಅವತ್ತು..."

ಅವರು ಅವನ ಕೈ ಹಿಡಿದು ನೋಡಿದರು, ಶಾಲೆಯಲ್ಲಿ ಮಕ್ಕಳ ಉಗುರು ನೋಡುವ ಹಾಗೆ. "ಅಯ್ಯೋ, ಮಂಜುಗಡ್ಡೆ! ಕ್ಷಮೆ ಆಮೇಲೆ ಕೇಳಿದರಾಯ್ತು. ಮಗು ಎದ್ದಿರೋದು ಇನ್ನು ಹತ್ತೇ ನಿಮಿಷ. ಹೋಗಿ, ಮೊದಲು ಅಲ್ಲಿ ಕೈ ಕಾಯಿಸಿಕೊಳ್ಳಿ."

ಕಿಟಕಿಯಡಿಯ ರೇಡಿಯೇಟರಿನ ಮೇಲೆ ಲಾವ್ ಗೆಂಗ್ ಎರಡೂ ಅಂಗೈ ಒತ್ತಿದ. ಕೆಂಡದಂತೆ ಕಾದಿತ್ತು. ಅಂಗೈ ಚುರುಗುಟ್ಟಿತು, ಕಣ್ಣಲ್ಲಿ ನೀರು ಬಂತು. ಟೀಚರ್ ಸಾಕು ಎನ್ನುವವರೆಗೆ ಅವನು ಕೈ ತೆಗೆಯಲಿಲ್ಲ.