ಮೆಕ್ಸಿಕೋದ ದೆವ್ವವೂ ಬಂಗಡೆ ಸಾರಿನ ಉಪ್ಪೂ

ನಾನು ಓದಿದ್ದು ಮೂರನೇ ಇಯತ್ತೆ. ಆದರೂ ದೆವ್ವದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಧೈರ್ಯ ಈ ವರ್ಷದ ಹೋಳಿಯವರೆಗೆ ಇತ್ತು.

ಹೋಳಿ ಮುಗಿದ ಭಾನುವಾರ ಮಧ್ಯಾಹ್ನ, ಕೈಗಾದಲ್ಲಿ ಕೆಲಸ ಮಾಡುವ ಮೊಮ್ಮಗಳು ಶ್ವೇತಾ ನಮ್ಮ ಹಬ್ಬುವಾಡದ ಮನೆಯಲ್ಲಿ ಮೊಬೈಲನ್ನು ಟೀವಿಗೆ ಜೋಡಿಸಿ ಒಂದು ಹಳೇ ಮೆಕ್ಸಿಕೋ ಸಿನಿಮಾ ಹಚ್ಚಿದಳು. ಬಣ್ಣವಿಲ್ಲ. ಮಾತು ತಿಳಿಯುವುದಿಲ್ಲ.

"ಅಜ್ಜಿ, ಆಮೇಲೆ ಹೆದ್ರಿಕೆ ಆಯ್ತು ಅಂದ್ರೆ ನನ್ನ ಕೇಳ್ಬೇಡ."

"ಹೋಗೇ. ನಿನ್ನ ಅಜ್ಜನ ಸಂಗಡ ನಲ್ವತ್ತು ವರ್ಷ ಬಾಳ್ವೆ ಮಾಡ್ದವ್ಳು ನಾನು."

ಶ್ವೇತಾ ಬಿಡಿಸಿ ಹೇಳಿದ ಕತೆ ಇಷ್ಟು. ದೊಡ್ಡ ಬಂಗಲೆಯ ಯಜಮಾನಿ ತಾನು ಮಾಡಿದ ತಪ್ಪನ್ನು ಕೆಲಸದ ಹುಡುಗಿಯ ತಲೆಗೆ ಕಟ್ಟುತ್ತಾಳೆ. ಹುಡುಗಿ ಕೊರಗಿ ಸಾಯುತ್ತಾಳೆ. ಆಮೇಲೆ ಕೂದಲು ಬಿಚ್ಚಿಕೊಂಡು ಮೂರು ಸಲ ಬರುತ್ತಾಳೆ. ಮೂರನೇ ಸಲ ಯಜಮಾನಿ ಬಾವಿಯಲ್ಲಿ! ಶ್ವೇತಾ ನಕ್ಕಳು. ನಾನು ಎದ್ದು ಹಿತ್ತಲ ಬಾಗಿಲಿನ ಚಿಲಕ ಹಾಕಿ ಬಂದೆ.

ಯಾಕೆಂದರೆ ಆ ಯಜಮಾನಿ ನಾನೇ.

ಅಂಕೋಲೆಯಲ್ಲಿ ನನ್ನ ಗಂಡನ ಅಕ್ಕ ಇದ್ದಾಳೆ, ಗಂಗಕ್ಕ. ಮೂವತ್ತು ವರ್ಷದ ಹಿಂದೆ ಅವಳ ಮಗಳು ಸುಮಿತ್ರೆಯನ್ನು ನೋಡಲು ಅರ್ಗಾದಿಂದ ಗಂಡಿನವರು ಬಂದಿದ್ದರು. ನಾನೂ ಹೋಗಿದ್ದೆ. ಬಂಗಡೆ ಸಾರು ಸುಮಿತ್ರೆಯದು. ಅಡುಗೆಮನೆಯಲ್ಲಿ ಸುಮ್ಮನೆ ಕೂತರೆ ನನ್ನ ಕೈ ತುರಿಸುತ್ತದೆ. ಯಾರನ್ನೂ ಕೇಳದೆ ಒಂದು ಹಿಡಿ ಉಪ್ಪು ಹಾಕಿದೆ. ಅವಳು ಮೊದಲೇ ಹಾಕಿದ್ದಳು. ಗಂಡಿನ ತಾಯಿ ಒಂದು ತುತ್ತು ಉಂಡು, "ಹುಡುಗಿಗೆ ಕೈ ಅಳತೆ ಇಲ್ಲ" ಎಂದಳು. ನಾನು ಮಜ್ಜಿಗೆ ಕುಡಿಯುತ್ತ ಹೌದೆಂದು ತಲೆ ಆಡಿಸಿದೆ. ಸಂಬಂಧ ಮುರಿಯಿತು. ಅಳುತ್ತಿದ್ದ ಗಂಗಕ್ಕನ ಬೆನ್ನು ಸವರಿದವಳೂ ನಾನೇ. ಆ ಉಪಕಾರಕ್ಕೆ ಅವಳು ಪ್ರತಿ ಬೇಸಿಗೆ ಒಂದು ಬುಟ್ಟಿ ಇಶಾಡ ಮಾವಿನಹಣ್ಣು ಹಿಡಿದು ಬಸ್ಸಿಳಿಯುತ್ತಿದ್ದಳು.

ಗಂಗಕ್ಕನಿಗೆ ಈಗ ಎಂಬತ್ತು. ಸತ್ತ ಮೇಲೆ ಎಲ್ಲವೂ ಗೊತ್ತಾಗುತ್ತದಂತೆ. ಹಬ್ಬುವಾಡದ ದಾರಿ ಅವಳಿಗೆ ಮೊದಲೇ ಗೊತ್ತು. ಈಗಲೇ ತಪ್ಪೊಪ್ಪಿಕೊಂಡರೆ ದೆವ್ವದ ಕೇಸು ಖುಲಾಸೆ ಎಂದುಕೊಂಡೆ. ಸೋಮವಾರ ಅವಳ ಮನೆಯಲ್ಲಿ ಮೀನಿಲ್ಲ, ಮಂಗಳವಾರ ಹೊರಟೆ. ಹೆದರಿಕೆ ಬೇರೆ, ಊಟ ಬೇರೆ.

"ಯೇ ದೇವಿ, ಒಂದ್ ಫೋನ್ ಮಾಡೂಕೆ ಆಗ್ಲಿಲ್ವೇ? ಬಾ, ಬಾ. ಇಂದು ಬಂಗಡೆ." ಗಂಗಕ್ಕ ಬಾಗಿಲಲ್ಲೇ ನನ್ನ ಹೆಸರು ಹಿಡಿದು ಕರೆದಳು.

ಪಕ್ಕದ ಓಣಿಗೇ ಮದುವೆಯಾಗಿ ಹೋದ ಸುಮಿತ್ರೆಯೂ ಬಂದಿದ್ದಳು. ಐವತ್ತು ದಾಟಿದವಳು ಒಲೆಯ ಮುಂದೆ ಸೌಟು ಹಿಡಿದು, "ಆಯಿ, ಉಪ್ಪು ಸಾಕೇ, ನೋಡು" ಎಂದು ತಾಯಿಯನ್ನು ಕರೆದಳು.

"ನೋಡೇ ದೇವಿ, ಇವ್ಳಿಗೆ ಇನ್ನೂ ಅಂದಾಜು ಬರ್ಲಿಲ್ಲ" ಎಂದು ಗಂಗಕ್ಕ ನನಗೆ ಹೇಳಿದಳು.

ಬಾಯಿ ತಡೆಯಲಿಲ್ಲ. "ಅಕ್ಕ, ಅರ್ಗಾದವ್ರು ಬಂದ ದಿನದ ಉಪ್ಪು ನಂದು."

ನಾಲ್ಕು ಬೈಯುತ್ತಾಳೆ, ಆಮೇಲೆ ಊಟ ಬಡಿಸುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಆ ಗಂಡು ಹೋದ್ರೆ ಹೋಗ್ಲಿ. ಮುಂದೆ ಕುಡುಕ ಆದ. ಆದ್ರೆ ನಾ ಮೂವತ್ತು ವರ್ಷ ಈ ಹುಡುಗೀಗೆ ಬೈದೆ ದೇವಿ. ನೀ ಎದ್ರು ಕೂತು, ಹಣ್ಣು ತಿಂತಾ ಕೇಳ್ದೆ."

ಸುಮಿತ್ರೆ ನನ್ನ ಕಡೆ ತಿರುಗಲಿಲ್ಲ. ಯಾರನ್ನೂ ಕೇಳದೆ ಇನ್ನೊಂದು ಚಿಟಿಕೆ ಉಪ್ಪು ಹಾಕಿ ಮುಚ್ಚಳ ಮುಚ್ಚಿದಳು.

ಎರಡು ತುತ್ತು ಉಂಡೆ. ಉಪ್ಪು ಸರಿಯಾಗಿತ್ತು. ಬಂಗಡೆಯನ್ನು ಬಟ್ಟಲಲ್ಲೇ ಬಿಟ್ಟು ಎದ್ದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಈಗ ಮಳೆ ಹಿಡಿದಿದೆ. ಇಶಾಡ ಮುಗಿಯಿತು. "ಗಂಗಜ್ಜಿ ಈ ವರ್ಷ ಬರ್ಲೇ ಇಲ್ವಲ್ಲ?" ಎಂದು ಶ್ವೇತಾ ಕೇಳಿದಳು. ಮಂಡಿನೋವಂತೆ ಎಂದೆ. ಇನ್ನೊಂದು ಸುಳ್ಳು.

ಸತ್ತ ಮೇಲೆ ಬಂದಾಳೆಂದು ಹೆದರಿ ಓಡಿದವಳು ನಾನು. ಈಗ ಅವಳು ಬದುಕಿದ್ದೂ ಬರುವುದಿಲ್ಲ. ಆದರೂ ಅಂಕೋಲೆ ಬಸ್ಸಿನ ಹೊತ್ತಿಗೆ ಎದ್ದು ಬಾಗಿಲಿಗೆ ಹೋಗಿ ನೋಡುತ್ತೇನೆ. ಮೂರನೇ ಇಯತ್ತೆಯ ಬುದ್ಧಿ.